ಮುಖದ ದಾಸ್ತಾನು

ಔಷಧಿ ಅಂಗಡಿಯವನು ಅತ್ತೆಯ ಮೊಣಕಾಲಿನ ಮುಲಾಮನ್ನು ಚೀಲಕ್ಕೆ ಹಾಕುತ್ತ ತನ್ನ ಫೋನನ್ನು ಅವಳ ಕಡೆ ತಿರುಗಿಸಿದ. "ಇದು ನೀವೇ ತಾನೆ?" ಅವಳು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದಳು. ಹಸಿರು ಅಂಗಿ, ನಡುಗುವ ಕೆಳತುಟಿ, ಎದೆಯ ಮೇಲಿಟ್ಟ ಕೈ, ಕೆನ್ನೆಯ ಮೇಲೆ ಇಳಿಯುವ ಒಂದು ಹನಿ. ಹೆಬ್ಬೆರಳಿನ ಗಾತ್ರದ ಅವಳು ಫೋನಿನ ಗಾಜಿನೊಳಗೆ ಅಳುತ್ತಿದ್ದಳು. ಹನಿ ಗಲ್ಲ ಮುಟ್ಟಿದೊಡನೆ ಮತ್ತೆ ಕಣ್ಣಿಗೇ ಹೋಗಿ ಮೊದಲಿನಿಂದ ಇಳಿಯುತ್ತಿತ್ತು. "ನಿನ್ನೆ ಹಾಲು ಉಕ್ಕಿ ಒಲೆಯೆಲ್ಲ ಗಲೀಜಾಯ್ತು ಅಂತ ನಮ್ಮನೆಯವಳು ಇದನ್ನ ಕಳಿಸಿದ್ಲು. ಈಗ ಎಲ್ಲರ ಫೋನಲ್ಲೂ ನೀವೇ ಅಳೋ ಅಮ್ಮ. ನಾವು ಅಳೋದೇ ಬೇಡ, ನಿಮ್ಮನ್ನ ಕಳಿಸಿದ್ರೆ ಆಯ್ತು," ಎಂದು ಅವನು ಬಾಯ್ತುಂಬ ನಕ್ಕ. ಅದರಲ್ಲಿ ಕೆಡುಕೇನೂ ಇರಲಿಲ್ಲ. ಅವಳೂ ನಕ್ಕಳು. ಹೊರಗೆ ಬಂದು ನಾಲ್ಕು ಹೆಜ್ಜೆ ಹಾಕಿದ ಮೇಲೆ, ಆ ನಗುವನ್ನು ಅವನು ಕೇಳಿದನೆಂದು ತಾನು ಕೊಟ್ಟುಬಿಟ್ಟೆ, ಥೇಟು ಅಲ್ಲಿ ಕೊಡುವ ಹಾಗೆಯೇ ಕೊಟ್ಟುಬಿಟ್ಟೆ ಎಂದು ಹೊಳೆದು, ನಿಂತ ಜಾಗದಲ್ಲೇ ಅವಳ ಕಿವಿ ಬಿಸಿಯಾಯಿತು.

ಕೊಡುವುದೇ ಅವಳ ಕೆಲಸ. ಟೀವಿಯ ಹಾಡಿನ ಸ್ಪರ್ಧೆಯಲ್ಲಿ ಮುಂದಿನ ಸಾಲಿನ ನಡುವಿನ ಕುರ್ಚಿ ಅವಳದು. ದಿನಗೂಲಿಯ ಪ್ರೇಕ್ಷಕಿ. ಹಾಡುವವರು ಮಧ್ಯಾಹ್ನ ಬರುತ್ತಾರೆ, ತೀರ್ಪುಗಾರರು ಅವರಿಗಿಂತ ತಡವಾಗಿ ಬರುತ್ತಾರೆ. ಪ್ರೇಕ್ಷಕರು ಮಾತ್ರ ಬೆಳಿಗ್ಗೆಯೇ ಬಂದು, ಬಡಗಿಗಳು ಇನ್ನೂ ಮೊಳೆ ಹೊಡೆಯುತ್ತಿರುವ ಖಾಲಿ ವೇದಿಕೆಯ ಮುಂದೆ ಕೂತು, ಯಾರೂ ಹಾಡದ ಹಾಡಿಗೆ ಮುಖ ಕೊಡಬೇಕು. "ಅಕ್ಕಾ, ನಗು. ಈಗ ಬೆರಗು. ಕೈ ಎದೆ ಮೇಲೆ ಬರ್ಲಿ. ಈಗ ಕಣ್ಣೀರು, ಕಣ್ಣೀರು, ಒರೆಸ್ಕೋಬೇಡಿ!" ಎಂದು ಕಿವಿಗೆ ತಂತಿ ಸಿಕ್ಕಿಸಿಕೊಂಡವನೊಬ್ಬ ಆಡಿಸುತ್ತಾನೆ. ಅವನ ಹುದ್ದೆಗೆ ಏನು ಹೆಸರೋ ಯಾರಿಗೂ ಗೊತ್ತಿಲ್ಲ; ಬರೀ ಕೈಸನ್ನೆಯಲ್ಲಿ ಸಭೆಗೆ ಸಭೆಯನ್ನೇ ನಗಿಸಿ ಅಳಿಸಿ ಎಬ್ಬಿಸಿ ಕೂರಿಸುವುದರಿಂದ ಎಲ್ಲರಿಗೂ ಅವನು ಸನ್ನೆ ಮೇಷ್ಟ್ರು. ಹೀಗೆ ತೆಗೆದಿಟ್ಟ ಮುಖಗಳಿಗೆ ಅಲ್ಲಿ ದಾಸ್ತಾನು ಎನ್ನುತ್ತಾರೆ. ಯಾವ ಹಾಡಿಗೆ ಯಾವ ಮುಖ ಬೇಕೋ ಆಮೇಲೆ ತೆಗೆದು ಅಂಟಿಸುತ್ತಾರೆ. ಅದಕ್ಕೆಂದೇ ಪ್ರತಿ ವಾರ ಅದೇ ಬಟ್ಟೆಯಲ್ಲಿ ಬರಬೇಕೆಂಬ ಕಟ್ಟಪ್ಪಣೆ: ಅವಳಿಗೆ ಹಸಿರು, ಪಕ್ಕದ ಕುರ್ಚಿಯ ಟೈಪಿಸ್ಟಿಗೆ ಹಳದಿ. ಬಟ್ಟೆ ಬದಲಾಗದಿದ್ದರೆ ಹೋದ ತಿಂಗಳ ಕಣ್ಣೀರು ಈ ತಿಂಗಳ ಹಾಡಿಗೂ ಸಲ್ಲುತ್ತದೆ. ಮುಂದಿನ ಸಾಲಿಗೆ ಇನ್ನೊಂದು ಜವಾಬ್ದಾರಿಯೂ ಇತ್ತು. ಹಿಂದೆ ಕೂತವರ ಕಣ್ಣಿಗೆ ದೀಪಗಳು ಕುಕ್ಕುವುದರಿಂದ ಅವರಿಗೆ ಮೇಷ್ಟ್ರ ಕೈ ಕಾಣುವುದಿಲ್ಲ. ಅವರು ನೋಡುವುದು ಅವಳ ಬೆನ್ನು. ಅವಳ ಬೆನ್ನು ಎದ್ದರೆ ಸಭೆ ಏಳುತ್ತದೆ, ಅವಳ ಭುಜ ಅಲುಗಿದರೆ ಚಪ್ಪಾಳೆ ಬೀಳುತ್ತದೆ. "ಅಕ್ಕನ ಬೆನ್ನೇ ನಮಗೆ ದೇವ್ರು," ಎನ್ನುತ್ತಿದ್ದರು ಅವಳ ಹಿಂದೆಯೇ ಕೂರುವ, ನಿವೃತ್ತ ಬಸ್ ಕಂಡಕ್ಟರ್.

ಅಳು ಅವಳಿಗೆ ಸಲೀಸು. ತಾನು ಟಿಕೆಟ್ ಕೊಡುತ್ತಿದ್ದ ಟಾಕೀಸು ಮುಚ್ಚಿದ ದಿನ ಕೌಂಟರಿನ ಕಿಂಡಿಗೆ ಹಲಗೆ ಜಡಿದದ್ದನ್ನು ನೆನೆದರೆ ಸಾಕು, ನಲ್ಲಿ ತಿರುಗಿಸಿದ ಹಾಗೆ ಬರುತ್ತಿತ್ತು. ಯೌವನವನ್ನೆಲ್ಲ ಆ ಕಿಂಡಿಯ ಹಿಂದೆ ಕಳೆದಿದ್ದಳು. ಗಂಡ ತೀರಿಕೊಂಡ ಮೂರನೆಯ ವಾರವೂ ಅಲ್ಲೇ ಕೂತಿದ್ದಳು. ಎದುರು ನಿಂತವರಿಗೆ ಅವಳ ಬೆರಳು ಮಾತ್ರ ಕಾಣುತ್ತಿತ್ತು, ಮುಖ ಅವಳದೇ ಆಗಿತ್ತು. ಟಿಕೆಟ್ ಹರಿದು ಕೊಟ್ಟು, ಕಿಂಡಿ ಮುಚ್ಚಿ, ಪಕ್ಕದ ಬಾಗಿಲಿನಿಂದ ಕತ್ತಲೆಗೆ ನುಸುಳುವಷ್ಟರಲ್ಲಿ ಸಿನಿಮಾ ಅರ್ಧ ಗಂಟೆ ಓಡಿರುತ್ತಿತ್ತು. ಹಾಗಾಗಿ ಅವಳು ಆ ಟಾಕೀಸಿನಲ್ಲಿ ಒಂದು ಸಿನಿಮಾದ ಮೊದಲನ್ನೂ ನೋಡಿದವಳಲ್ಲ, ಒಂದರ ಕೊನೆಯನ್ನೂ ಬಿಟ್ಟವಳಲ್ಲ. ಇದರಿಂದ ಅವಳಿಗೆ ಬೆಳೆದ ಒಂದು ಗಟ್ಟಿ ಅಭಿಪ್ರಾಯವೆಂದರೆ, ಯಾವ ಸಿನಿಮಾಕ್ಕೂ ಮೊದಲ ಅರ್ಧ ಗಂಟೆ ಬೇಕಾಗಿಯೇ ಇಲ್ಲ. ಈಗ ಟೀವಿಯಲ್ಲಿ ಬರುವವುಗಳಿಗಂತೂ ಖಂಡಿತ ಬೇಡ. ಮೊದಲು ನಾಯಕನ ಬೂಟು, ಆಮೇಲೆ ಅವನ ಮುಂಗೈ, ಆಮೇಲೆ ಬೆಂಕಿಯ ಮುಂದೆ ಅವನ ಕುತ್ತಿಗೆಯ ಹಿಂಭಾಗ. ಮುಖ ಬರುವ ಹೊತ್ತಿಗೆ ಕಡಲೆಬೀಜದ ಪೊಟ್ಟಣ ಖಾಲಿ. ಕೊನೆಯನ್ನಾದರೂ ಕೊಡುತ್ತಾರೆಯೇ? ಅದೂ ಇಲ್ಲ. ಎರಡನೆಯ ಭಾಗಕ್ಕೆ ಬನ್ನಿ ಅಂತ ಕತ್ತಲೆಯಲ್ಲಿ ಕೈಬಿಟ್ಟು ಹೋಗುತ್ತಾರೆ. ಹಿಡಿಯಿಲ್ಲದ ಕೊಡೆ ಮಾರಿ, ಹಿಡಿ ಮುಂದಿನ ವರ್ಷ ಬರುತ್ತೆ ಅನ್ನೋ ವ್ಯಾಪಾರ.

ಈ ಮಾತನ್ನು ಅವಳು ಅತ್ತೆಯ ಎದುರು ಹೇಳಿದಾಗ ಅತ್ತೆ, "ನಿನಗೆ ಮೊದಲೂ ಗೊತ್ತಿಲ್ಲ, ತಾಳ್ಮೆನೂ ಇಲ್ಲ," ಎಂದು ರಿಮೋಟನ್ನು ದಿಂಬಿನ ಕೆಳಗೆ ತಳ್ಳಿದ್ದರು. ಮಗ ಹೋದ ಮೇಲೆ ಅತ್ತೆ-ಸೊಸೆಯರ ನಡುವೆ ಉಳಿದ ಆಸ್ತಿಯೆಂದರೆ ಒಂದು ಟೀವಿ, ಮತ್ತು ಅದರ ಬಗ್ಗೆ ಇಬ್ಬರಿಗೂ ಇದ್ದ ಬೇರೆಬೇರೆ ಅಭಿಪ್ರಾಯಗಳು. ಅತ್ತೆ ಧಾರಾವಾಹಿಯ ಪಕ್ಷ. ಒಂದು ಕಪಾಳಕ್ಕೆ ಏಟು ಬಿದ್ದರೆ ಅದನ್ನು ಮೂರು ದಿಕ್ಕಿನಿಂದ ಮೂರು ಸಲ ತೋರಿಸಿ, ನಡುವೆ ಮನೆಮಂದಿಯೆಲ್ಲರ ಮುಖಕ್ಕೆ ಗುಡುಗು ಹೊಡೆಸಿ, ಏಟು ತಿಂದವಳು ಕೆನ್ನೆಗೆ ಕೈ ಒಯ್ಯುವುದರೊಳಗೆ ವಾರ ಕಳೆಯುತ್ತಿತ್ತು. "ಅತ್ತೆ, ಇಷ್ಟು ಹೊತ್ತಲ್ಲಿ ಊತ ಇಳಿದೇ ಹೋಗಿರುತ್ತೆ," ಎಂದರೆ, "ಅವಮಾನ ಇಳಿಯೋಕೆ ಅದಕ್ಕಿಂತ ಜಾಸ್ತಿ ಹೊತ್ತು ಬೇಕು ಕಣೆ, ಅದನ್ನ ಅವರು ಸರಿಯಾಗೇ ತೋರಿಸ್ತಾರೆ," ಎಂದು ಅತ್ತೆ ಬಾಯಿ ಮುಚ್ಚಿಸುತ್ತಿದ್ದರು. ಈಗಿನ ಹಾಡುಗಳ ವಿಷಯದಲ್ಲಿ ಮಾತ್ರ ಇಬ್ಬರದೂ ಒಂದೇ ಸಿಟ್ಟು. ಫೋನಿನಲ್ಲಿ ಕುಣಿಯುವುದಕ್ಕೆ ಆಗುವಷ್ಟು ಒಂದು ಸಾಲು, ಉಳಿದದ್ದು ಜಲ್ಲಿಕಲ್ಲು. ದನಿ ಎಲ್ಲಿ ಜಾರಬೇಕೋ ಅಲ್ಲಿ ಜಾರಗೊಡದೆ, ಎಲ್ಲಿ ಬಿರುಕು ಬಿಡಬೇಕೋ ಅಲ್ಲಿ ಬಿಡಗೊಡದೆ, ಯಂತ್ರಕ್ಕೆ ಕೊಟ್ಟು ನೆಟ್ಟಗೆ ಮಾಡಿಸಿ ತರುತ್ತಾರೆ. "ಇಸ್ತ್ರಿ ಹಾಕಿದ ದನಿ," ಎಂದು ಅವಳು ಹೇಳಿದ ದಿನ ಅತ್ತೆ ತೊಡೆ ತಟ್ಟಿ ನಕ್ಕು, ಆ ಮಾತನ್ನು ಪಕ್ಕದ ಮನೆಯವರಿಗೆ ತಮ್ಮದೆಂದೇ ಹೇಳಿಕೊಂಡಿದ್ದರು. ತನ್ನ ಮಾತು ಕಳುವಾದದ್ದಕ್ಕೆ ಅವಳಿಗೆ ಒಳಗೊಳಗೇ ಹಿಗ್ಗಾಗಿತ್ತು.

ಅವಳಿಗೆ ಹಣವಿರಲಿಲ್ಲ, ರೂಪವಿರಲಿಲ್ಲ, ಓದು ಅರ್ಧಕ್ಕೇ ನಿಂತಿತ್ತು. ಇದು ಚೆನ್ನಾಗಿದೆ, ಇದು ಚೆನ್ನಾಗಿಲ್ಲ ಎಂದು ಹೇಳುವ ನಾಲಿಗೆಯೊಂದು ಮಾತ್ರ ಯಾರ ಹಂಗೂ ಇಲ್ಲದೆ ಅವಳದಾಗಿತ್ತು. ಆ ನಾಲಿಗೆಯ ಮೇಲೆಯೇ ಹೋದ ಭಾನುವಾರ ಮಣ್ಣು ಬಿದ್ದಿತ್ತು.

ಸ್ಪರ್ಧೆಯಲ್ಲಿ ಉಳಿದವರು ಇಬ್ಬರು. ಒಬ್ಬನಿಗೆ ತೀರ್ಪುಗಾರರು ಜೇನುಗಂಟಲು ಎಂದು ಬಿರುದು ಕೊಟ್ಟಿದ್ದರು. ಅವನ ಪ್ರತಿ ಹಾಡಿಗೆ ಮೊದಲು ಅವನ ಮನೆಯನ್ನು ತೋರಿಸುತ್ತಿದ್ದರು: ಹರಿದ ಚಾವಣಿ, ಸೋರುವ ಮೂಲೆ, ಮೂಲೆಯಲ್ಲಿಟ್ಟ ಪಾತ್ರೆ, ಪಾತ್ರೆಯೊಳಗೆ ಬೀಳುವ ಹನಿ, ಹನಿಯ ಹಿಂದೆ ಪಿಟೀಲು. ಹಾಡುವ ಮೊದಲೇ ಜನ ಅತ್ತಾಗಿರುತ್ತಿತ್ತು. ಇನ್ನೊಬ್ಬಳು ಒರಟು ದನಿಯ ಹುಡುಗಿ. ಅವಳ ಮನೆಗೂ ಕ್ಯಾಮೆರಾ ಹೋಗಿತ್ತಂತೆ. ಹುಡುಗಿ ಹೊಸ್ತಿಲಲ್ಲೇ ನಿಂತು, "ಹಾಡೋದು ನಾನು, ನಮ್ಮನೆ ಅಲ್ಲ," ಎಂದು ಬಾಗಿಲು ಹಾಕಿಕೊಂಡಳಂತೆ. ಅಂದಿನಿಂದ ಚಾನೆಲ್ಲಿನವರ ಕಣ್ಣಿಗೆ ಅವಳು ಕಸ. ಅಂಥ ಹುಡುಗಿ ಹೋದ ವಾರದ ಚಿತ್ರೀಕರಣದಲ್ಲಿ ಒಂದು ಹಾಡು ಹಾಡಿದಳು. ಎಂಥ ಹಾಡು ಅದು! ದನಿ ಮೇಲಕ್ಕೆ ಹೋಗಬೇಕಾದ ಕಡೆ ಹೋಗಲಾರದೆ ನಿಂತು, ನಾಚದೆ ನಿಂತು, ಆಮೇಲೆ ಬರಿಗಾಲಲ್ಲಿ ಕಲ್ಲು ಹತ್ತಿದ ಹಾಗೆ ಹತ್ತಿಕೊಂಡು ಹೋಯಿತು. ಮುಂದಿನ ಸಾಲಿನಲ್ಲಿ ಕೂತ ಅವಳಿಗೆ ತಾನು ಕೂತಿದ್ದೇನೆ ಎನ್ನುವುದೇ ಮರೆತುಹೋಗಿತ್ತು. ಮುಗಿದ ಮೇಲೆ ಮೇಷ್ಟ್ರು ಹತ್ತಿರ ಬಂದು, "ಏನಕ್ಕ, ಎಮ್ಮೆ ಥರ ಬಾಯಿ ತಕ್ಕೊಂಡು ಕೂತಿದ್ರಿ? ಒಂದು ಶಾಟೂ ಉಪಯೋಗಕ್ಕೆ ಬರಲ್ಲ," ಎಂದು ಬೈದ. ಆಗ ಅವಳಿಗೆ ಒಂದು ವಿಷಯ ತಿಳಿಯಿತು: ನಿಜವಾಗಿ ಕೇಳುವವರ ಮುಖದಲ್ಲಿ ಏನೂ ಇರುವುದಿಲ್ಲ. ಇದ್ದದ್ದೆಲ್ಲ ಕಿವಿಗೆ ಹೋಗಿರುತ್ತದೆ.

ಭಾನುವಾರ ಅದು ಪ್ರಸಾರವಾದಾಗ ಅತ್ತೆ ಮೊಣಕಾಲು ನೀವಿಕೊಳ್ಳುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿದರು. ಹಾಡು ಆ ಎತ್ತರಕ್ಕೆ ಹೋಗುವ ಮೊದಲು ನಿಲ್ಲುವ ಜಾಗ ಬಂತು. ಅವಳು ಉಸಿರು ಬಿಗಿಹಿಡಿದಳು. ಪರದೆಯ ಮೇಲೆ, ಸರಿಯಾಗಿ ಅಲ್ಲಿ, ಹಸಿರು ಅಂಗಿಯ ಅವಳು ಆಕಳಿಸಿದಳು. ದವಡೆಯೆಲ್ಲ ಕಾಣುವ ಹಾಗೆ ಆಕಳಿಸಿ, ಕನ್ನಡಕ ಸರಿಮಾಡಿಕೊಂಡು, ಪಕ್ಕಕ್ಕೆ ನೋಡಿದಳು. ಯಾವುದೋ ವಾರ ದೀಪ ಕೆಟ್ಟು ಕಾದು ಕೂತಿದ್ದಾಗಿನದು. ಕ್ಯಾಮೆರಾ ಎಂದೂ ಕಣ್ಣು ಮುಚ್ಚುವುದಿಲ್ಲವೆಂದು ಅವಳಿಗೆ ನೆನಪಿರಬೇಕಿತ್ತು. ಅದರ ಹಿಂದೆಯೇ ಜೇನುಗಂಟಲು ಬಂತು, ಅವನ ಸೋರುವ ಮೂಲೆ ಬಂತು, ಇಸ್ತ್ರಿ ಹಾಕಿದ ದನಿ ಬಂತು, ಅವಳು ಎದೆಯ ಮೇಲೆ ಕೈಯಿಟ್ಟು ಅತ್ತಳು.

"ಅದು ಹಳೇದು ಅತ್ತೆ. ಬಟ್ಟೆ ಒಂದೇ ಇರುತ್ತಲ್ಲ, ಅದಕ್ಕೇ ಎಲ್ಲಿ ಬೇಕಾದ್ರೂ ಅಂಟಿಸ್ತಾರೆ. ನಾನು ಆ ಹುಡುಗಿ ಹಾಡಿಗೆ ಆಕಳಿಸಿಲ್ಲ, ನಿಮ್ಮಾಣೆ."

ಅತ್ತೆ ಅವಳ ಕಡೆ ತಿರುಗಲಿಲ್ಲ. "ನನಗೆ ಕಣ್ಣು ಕಾಣುತ್ತೆ," ಎಂದರು. ಮತ್ತೆ ಮೊಣಕಾಲು ನೀವಿಕೊಳ್ಳುತ್ತ, "ಮನೇಲಿ ಒಂದು ನಾಲಿಗೆ, ಅಲ್ಲೊಂದು ಮುಖ. ನನ್ನ ಮಗ ಸುಳ್ಳಿಗೆ ಹೆದರ್ತಿದ್ದ," ಎಂದರು. ಅದಾದ ಮೇಲೆ ಮನೆಯಲ್ಲಿ ಟೀವಿ ಮಾತ್ರ ಮಾತಾಡಿತು. ಏಟು ಬಿತ್ತು, ಗುಡುಗು ಹೊಡೆಯಿತು, ನಾಯಕನ ಬೂಟು ನಡೆದು ಬಂತು. ಒಬ್ಬಳೇ ಒಂದು ಹಾಡನ್ನು ಬೈದುಕೊಳ್ಳುವುದು ಎಷ್ಟು ಸಪ್ಪೆ ಎಂದು ಅವಳಿಗೆ ಆ ವಾರ ಗೊತ್ತಾಯಿತು.

ಇವತ್ತು ಕೊನೆಯ ಸುತ್ತು. ನೇರ ಪ್ರಸಾರ. ಮುಲಾಮಿನ ಚೀಲ ಹಿಡಿದು ಅವಳು ಮನೆಗೆ ಬಂದಾಗ ಬಚ್ಚಲಿನಲ್ಲಿ ನೀರಿನ ಸದ್ದು. ಅತ್ತೆ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಧಾನವಾಗಿ ಹೊರಬಂದು, ಅವಳನ್ನು ದಾಟಿಕೊಂಡು ತಮ್ಮ ಮಂಚಕ್ಕೆ ಹೋದರು. ಬಕೆಟ್ಟಿನೊಳಗೆ ಸೋಪಿನ ನೊರೆಯ ಕೆಳಗೆ ಹಸಿರು ಅಂಗಿ ಮುಳುಗಿತ್ತು. ಒಂದು ತೋಳು ಮಾತ್ರ ಗಾಳಿ ತುಂಬಿಕೊಂಡು, ಸಹಾಯ ಕೇಳುವವರ ಹಾಗೆ ಮೇಲೆ ತೇಲುತ್ತಿತ್ತು. ಮೊದಲು ಅವಳಿಗೆ ಬಂದದ್ದು ಕೋಪ. ಮುದುಕಿಯ ಹಟ ನೋಡು, ಹೊಟ್ಟೆಯ ಮೇಲೇ ಹೊಡೀತಾಳಲ್ಲ ಎಂದುಕೊಳ್ಳುತ್ತ ಅಂಗಿಯನ್ನು ಎತ್ತಿ ಹಿಂಡಿದಳು, ಕೊಡವಿದಳು, ಇಸ್ತ್ರಿ ಪೆಟ್ಟಿಗೆಗೆ ವಿದ್ಯುತ್ ಕೊಟ್ಟು ಮೇಜಿನ ಮೇಲೆ ಹರಡಿದಳು. ಹೊರಡಲು ಇನ್ನೂ ಹೊತ್ತಿತ್ತು. ತೋಳಿನ ಮೇಲೆ ಪೆಟ್ಟಿಗೆಯಿಟ್ಟಾಗ ಹಬೆ ಚುಯ್ಯೆಂದು ಅವಳ ಮುಖಕ್ಕೆ ಬಂತು, ಸುಕ್ಕುಗಳು ಒಂದೊಂದಾಗಿ ಸತ್ತವು, ಒಂದು ತೋಳು ನೆಟ್ಟಗಾಯಿತು. ಅವಳು ಆ ನೆಟ್ಟಗಾದ ತೋಳನ್ನು ನೋಡಿದಳು. ಇನ್ನೂ ಮುದುಡಿದ್ದ ತೋಳನ್ನು ನೋಡಿದಳು. ಪ್ರತಿ ವಾರ ಅದೇ ಬಟ್ಟೆ ಎಂದು ಅತ್ತೆಗೆ ಹೇಳಿದವಳು ತಾನೇ ಅಲ್ಲವೆ? ಬಟ್ಟೆ ಬೇರೆಯಾದರೆ? ದಾಸ್ತಾನಿನಲ್ಲಿ ಇರುವುದೆಲ್ಲ ಹಸಿರು. ನಗು ಹಸಿರು, ಬೆರಗು ಹಸಿರು, ಆಕಳಿಕೆ ಹಸಿರು. ಮಂಚದ ಕಡೆಯಿಂದ ಸದ್ದಿಲ್ಲ; ಅತ್ತೆ ಗೋಡೆಗೆ ಮುಖ ಮಾಡಿ ಮಲಗಿದ್ದರು, ಆದರೆ ಕಿವಿ ಮಾತ್ರ ಇತ್ತ ಕಡೆಗೇ ಇತ್ತು. ಅವಳು ಇಸ್ತ್ರಿ ಪೆಟ್ಟಿಗೆಯ ತಂತಿ ಕಿತ್ತಳು. ಅಂಗಿಯನ್ನು ಮತ್ತೆ ಬಕೆಟ್ಟಿಗೆ ಹಾಕಿ, ತೇಲಿದ ತೋಳನ್ನು ಕೈಯಾರೆ ಅದುಮಿ ಮುಳುಗಿಸಿ, ಟಾಕೀಸಿನ ಕಾಲದ ಕಂದು ಬಣ್ಣದ ಹಳೆಯ ಅಂಗಿ ತೊಟ್ಟು ಹೊರಟಳು.

ಸ್ಟುಡಿಯೋದ ಹಿಂಬಾಗಿಲಿನಲ್ಲಿ ಚಪ್ಪಾಳೆಯವರೆಲ್ಲ ಕಾಗದದ ಲೋಟಗಳಲ್ಲಿ ಚಹಾ ಕುಡಿಯುತ್ತಿದ್ದರು. ಟೈಪಿಸ್ಟ್ ಅವಳನ್ನು ನೋಡಿ ಹಳದಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಒಳಗೆ ಮೇಷ್ಟ್ರು ದೂರದಿಂದಲೇ ಓಡಿಬಂದ.

"ಅಕ್ಕಾ! ಹಸಿರೆಲ್ಲಿ?"

"ಬಕೆಟ್ಟಲ್ಲಿದೆ."

"ಬಕೆಟ್ಟಲ್ಲಾ? ಇವತ್ತು ತಮಾಷೆ ಬೇಡ. ನಿಮ್ಮ ಅಳೆಲ್ಲ ಹಸಿರಲ್ಲಿದೆ, ಈ ಕಂದುಬಣ್ಣಕ್ಕೆ ನಾನು ಅಳು ಎಲ್ಲಿಂದ ತರ್ಲಿ?"

"ನೇರ ಪ್ರಸಾರ ಅಂದ್ರಲ್ಲ ಮೇಷ್ಟ್ರೇ. ಹಾಡು ಚೆನ್ನಾಗಿದ್ರೆ ಅಲ್ಲೇ ಬರುತ್ತೆ."

"ಹಾಡು ನೇರ, ಮುಖ ಯಾವಾಗ್ಲೂ ಹಳೇದೇ. ನಿಮಗೆ ಗೊತ್ತಿಲ್ವಾ?"

"ತಾಜಾ ಮಾಲು ಸಿಗುವಾಗ ತಂಗಳು ಯಾಕೆ ಸಾರ್?" ಎಂದರು ಹಿಂದಿನಿಂದ ಕಂಡಕ್ಟರ್. ಯಾರೋ ಕಿಸಕ್ಕೆಂದರು.

ಮೇಷ್ಟ್ರು ತಲೆ ಕೆರೆದುಕೊಂಡು ಅವಳನ್ನು ಕುರ್ಚಿಗೆ ಕೂರಿಸಿದ. ಬೇಗ ಬೇಗ ಹೊಸ ದಾಸ್ತಾನು ಮಾಡಿಬಿಡೋಣ ಎಂದ. ಕ್ಯಾಮೆರಾ ಅವಳ ಮುಖದ ಹತ್ತಿರ ಬಂತು, ಗಾಜಿನ ಕಣ್ಣಿನೊಳಗೆ ಅವಳೇ ತಲೆಕೆಳಗಾಗಿ ಕೂತಿದ್ದಳು. "ನಗು," ಎಂದ. ಅವಳು ಕೂತೇ ಇದ್ದಳು. "ಬೆರಗು." ಕೂತೇ ಇದ್ದಳು. ಬಡಗಿ ಮೊಳೆ ಹೊಡೆಯುವುದನ್ನು ನಿಲ್ಲಿಸಿ ಇತ್ತ ನೋಡಿದ. "ಕಣ್ಣೀರು ಅಕ್ಕಾ, ಕಣ್ಣೀರು." ಅವಳು ಅಭ್ಯಾಸದಿಂದ ಟಾಕೀಸಿನ ಕಿಂಡಿಯನ್ನು ನೆನೆದಳು, ಜಡಿದ ಹಲಗೆಯನ್ನು ನೆನೆದಳು. ಹಲಗೆಯ ಹಿಂದೆ ಒಬ್ಬ ಹೆಂಗಸು ತನ್ನ ಮುಖವನ್ನು ತಾನೇ ಇಟ್ಟುಕೊಂಡು ಕೂತಿದ್ದದ್ದು ನೆನಪಾಯಿತು, ಅಳು ಬರಲಿಲ್ಲ. ಅದೆಷ್ಟು ಸಲ ಆ ಕಿಂಡಿಯನ್ನು ಇವರಿಗೆ ಮಾರಿದ್ದೆನೋ ಎಂದುಕೊಂಡಳು.

"ಹುಷಾರಿಲ್ವೇನಕ್ಕ?"

"ಹುಷಾರಾಗಿದೀನಿ."

"ಮತ್ತೆ ಮುಖ ಯಾಕೆ ಹಿಂಗಿದೆ?"

"ಇದು ನಂದೇ ಮೇಷ್ಟ್ರೇ. ನೀವು ನೋಡಿರ್ಲಿಲ್ಲ ಅಷ್ಟೆ."

ಅವನ ಕಿವಿಯ ತಂತಿಯೊಳಗೆ ಯಾರೋ ಕಿರುಚುತ್ತಿದ್ದರು. ಹಿಂದಿನ ಸಾಲಿಗೆ ತಳ್ಳು ಎಂದಿರಬೇಕು. ಕೂಡಲೇ ಬೇಡ, ಅಳೋ ಅಮ್ಮ ಕಾಣದಿದ್ದರೆ ಜನ ಕೇಳುತ್ತಾರೆ ಎಂದಿರಬೇಕು. ಹೂಂ ಸಾರ್, ಇಲ್ಲ ಸಾರ್, ಹೂಂ ಸಾರ್ ಎಂದ ಮೇಷ್ಟ್ರು. ಅವಳು ಅವನಿಗೆ ಬಿಸಿತುಪ್ಪವಾಗಿದ್ದಳು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಕೊನೆಗೆ ಅವಳ ಕಿವಿಯ ಬಳಿ ಬಗ್ಗಿ, "ಅಕ್ಕಾ, ನನಗೂ ಮನೆ ಮಠ ಇದೆ. ಮುಖ ಕೊಡದಿದ್ರೆ ಹೋಗ್ಲಿ, ಜೇನುಗಂಟಲು ಮುಗಿದಾಗ ಎದ್ದು ನಿಂತ್ಕೊಳ್ಳಿ. ಅಷ್ಟು ಮಾಡಿ. ಇಲ್ಲ ಅಂದ್ರೆ ನಾಳೆಯಿಂದ ಬೇರೆ ಯಾವ ಶೋಗೂ ಬರಬೇಡಿ," ಎಂದ. ದನಿಯಲ್ಲಿ ಬೆದರಿಕೆಗಿಂತ ಗೋಗರೆತವೇ ಹೆಚ್ಚಿತ್ತು. ಇವನಿಗೂ ಯಾರೋ ಸನ್ನೆ ಮಾಡುತ್ತಿರುತ್ತಾರೆ, ಅವರಿಗೆ ಇನ್ಯಾರೋ. ಮೇಲೆ ಎಲ್ಲಿಯವರೆಗೂ ಕೈಗಳೇ; ಕೇಳುವ ಕಿವಿ ಎಲ್ಲೂ ಇಲ್ಲ.

ಇಳಿಹೊತ್ತಿಗೆ ವೇದಿಕೆಯ ದೀಪಗಳು ಹೊತ್ತಿದವು. ಮೊದಲು ಜೇನುಗಂಟಲಿನವನು. ಚಾವಣಿ ಬಂತು, ಪಾತ್ರೆ ಬಂತು, ಪಿಟೀಲು ಬಂತು. ಈ ಸಲ ಅವಳು ಪರದೆಯನ್ನು ಬಿಟ್ಟು, ವೇದಿಕೆಯ ಪಕ್ಕದ ಕತ್ತಲಲ್ಲಿ ಕಾಯುತ್ತಿದ್ದ ಹುಡುಗನನ್ನು ನೋಡಿದಳು. ಅವನು ತನ್ನ ಮನೆಯ ಸೋರುವ ಮೂಲೆಯನ್ನು ನೋಡಲಾರದೆ ಬೂಟಿನ ದಾರವನ್ನು ಬಿಚ್ಚಿ ಕಟ್ಟಿ ಬಿಚ್ಚಿ ಕಟ್ಟುತ್ತಿದ್ದ. ಇಷ್ಟು ವಾರ ಇವನ ಮೇಲೆ ಸಿಟ್ಟು ಮಾಡಿಕೊಂಡಿದ್ದೆನಲ್ಲ ಎನಿಸಿತು. ಇವನ ದಾರಿದ್ರ್ಯವನ್ನು ಇವನಿಂದಲೇ ಹೊರಿಸಿ ಮಾರುವವರು ಮೇಲೆ ತಣ್ಣಗಿನ ಕೋಣೆಯಲ್ಲಿ ಕೂತಿದ್ದಾರೆ. ತನ್ನ ಅಳು, ಇವನ ಚಾವಣಿ, ಎರಡೂ ಒಂದೇ ಗೋದಾಮಿನ ಸರಕು. ಅವನು ಹಾಡಿದ. ತಪ್ಪಿಲ್ಲದೆ ಹಾಡಿದ, ಎಲ್ಲಿಯೂ ಜಾರಲಿಲ್ಲ, ಎಲ್ಲಿಯೂ ತಲುಪಲೂ ಇಲ್ಲ. ಮುಗಿಯುತ್ತಿದ್ದಂತೆ ಮೇಷ್ಟ್ರ ಎರಡೂ ಕೈ ಆಕಾಶಕ್ಕೆ ಎದ್ದವು: ಏಳಿ, ಏಳಿ. ಅವಳ ತೊಡೆಯ ಸ್ನಾಯುಗಳು ಅಭ್ಯಾಸಬಲದಿಂದ ಬಿಗಿದವು. ಅವಳು ಕುರ್ಚಿಯ ಅಂಚನ್ನು ಹಿಡಿದುಕೊಂಡಳು. ನಾಳೆಯಿಂದ ಏನು? ಅತ್ತೆಯ ಮುಲಾಮಿನ ಚೀಲ ಕಣ್ಣ ಮುಂದೆ ಬಂತು. ಆಮೇಲೆ, ಕೂತಲ್ಲೇ, ಅವನ ಹಾಡಿಗೆ ನ್ಯಾಯವಾಗಿ ಎಷ್ಟು ಸಲ್ಲಬೇಕೋ ಅಷ್ಟು, ಕಡಿಮೆಯೂ ಇಲ್ಲ ಹೆಚ್ಚೂ ಇಲ್ಲ, ಚಪ್ಪಾಳೆ ತಟ್ಟಿದಳು. ಹಿಂದೆ ಎಲ್ಲರೂ ಅವಳ ಬೆನ್ನನ್ನು ನೋಡಿದರು. ಬೆನ್ನು ಕೂತಿತ್ತು. ಸಭೆ ಕೂತುಕೊಂಡೇ, ಮರ್ಯಾದೆಯಿಂದ, ಅಷ್ಟೇ ಅಳತೆಯ ಚಪ್ಪಾಳೆ ತಟ್ಟಿತು. ಎದ್ದು ನಿಂತ ಸಭೆಯನ್ನು ಹಿಡಿಯಲು ಮೇಲೆ ಏರಿದ್ದ ಕ್ಯಾಮೆರಾ ಖಾಲಿ ಗಾಳಿಯನ್ನು ಹಿಡಿದುಕೊಂಡು ಅಲ್ಲೇ ತೂಗಾಡಿತು. ವೇದಿಕೆಯ ಮೇಲೆ ಹುಡುಗ ಆಶ್ಚರ್ಯದಿಂದ ಇತ್ತ ನೋಡಿ, ಸ್ಪರ್ಧೆ ಶುರುವಾದಾಗಿನಿಂದ ಮೊದಲ ಸಲ, ಹೆಗಲಿನಿಂದ ಏನೋ ಇಳಿದವನ ಹಾಗೆ ಉಸಿರು ಬಿಟ್ಟ.

ಒರಟು ದನಿಯ ಹುಡುಗಿಗೆ ಮನೆಯಿಲ್ಲ, ಪಾತ್ರೆಯಿಲ್ಲ, ಪಿಟೀಲಿಲ್ಲ. ನೇರವಾಗಿ ಬಂದು ನಿಂತಳು, ಕೆಮ್ಮಿದಳು, ಹಾಡಿದಳು. ಎಲ್ಲಿಂದ ಶುರುವಾಯಿತೋ ಮುಂದಿನ ಸಾಲಿನಲ್ಲಿ ಕೂತವಳಿಗೆ ಗೊತ್ತಾಗಲಿಲ್ಲ. ಗೊತ್ತಾದಾಗ ಅವಳು ಹಾಡಿನ ನಡುವೆ ಇದ್ದಳು, ಟಾಕೀಸಿನ ಪಕ್ಕದ ಬಾಗಿಲಿನಿಂದ ಕತ್ತಲೆಗೆ ನುಸುಳಿದವಳ ಹಾಗೆ, ಮೊದಲಿನ ಹಂಗಿಲ್ಲದೆ. ಗಂಡ ಸೈಕಲ್ಲಿನ ಗಂಟೆಯನ್ನು ಗೇಟಿನ ಹೊರಗೆ ಒಂದೇ ಸಲ ಬಾರಿಸುತ್ತಿದ್ದದ್ದು, ಎರಡನೆಯ ಸಲ ಬಾರಿಸಲಿ ಎಂದು ತಾನು ಬೇಕೆಂದೇ ತಡಮಾಡುತ್ತಿದ್ದದ್ದು, ಅವನು ಬಾರಿಸದೇ ಕಾಯುತ್ತಿದ್ದದ್ದು. ದನಿ ಎತ್ತರದ ಕೆಳಗೆ ಬಂದು ನಿಂತಿತು. ಬಿರುಕು ಬಿಟ್ಟಿತು. ಆ ಬಿರುಕಿನೊಳಗಿಂದಲೇ ಮೇಲಕ್ಕೆ ಹೋಯಿತು. ಕೆಂಪು ದೀಪದ ಕ್ಯಾಮೆರಾ ಅವಳ ಮುಖಕ್ಕೆ ತಾಗುವಷ್ಟು ಹತ್ತಿರ ಬಂದಿತ್ತಂತೆ, ಮೇಷ್ಟ್ರು ತನ್ನ ಕೆನ್ನೆಯ ಮೇಲೆ ಬೆರಳೆಳೆದು ಕಣ್ಣೀರು ಕಣ್ಣೀರು ಎಂದು ಕುಣಿಯುತ್ತಿದ್ದನಂತೆ. ಆಮೇಲೆ ಟೈಪಿಸ್ಟ್ ಹೇಳಿದ್ದು. ಅವಳಿಗೆ ಏನೂ ಕಾಣಲಿಲ್ಲ.

ಹಾಡು ಮುಗಿಯಿತು. ಯಾರೂ ಅಲುಗಲಿಲ್ಲ. ಟೀವಿಯಲ್ಲಿ ಎಂದೂ ಬರಗೊಡದ ಒಂದು ವಸ್ತು, ಬರಿಯ ನಿಶ್ಶಬ್ದ, ನೇರವಾಗಿ ಪ್ರಸಾರವಾಯಿತು. ನಿರೂಪಕಿ ಮೈಕು ಬಾಯಿಯ ಹತ್ತಿರ ತಂದಳು, ಮಾತು ಸಿಗದೆ ಇಳಿಸಿದಳು. ಆಗ ಹಿಂದಿನಿಂದ ಒಂದು ಚಪ್ಪಾಳೆ ಬಿತ್ತು. ಅವಳ ಬೆನ್ನು ಅಲುಗಿರಲಿಲ್ಲ. ಕಂಡಕ್ಟರ್ ಬೆನ್ನಿಗೆ ಕಾಯದೆ ತಾವೇ ಎದ್ದಿದ್ದರು, ಬಸ್ಸಿನ ತಗಡನ್ನು ಬಡಿದ ಹಾಗೆ ದಪ್ಪ ಅಂಗೈಗಳನ್ನು ಬಡಿಯುತ್ತಿದ್ದರು. ಅದರ ಹಿಂದೆ ಇನ್ನೊಂದು, ಹತ್ತು, ಎಲ್ಲ. ಅವಳು ತಿರುಗಿ ನೋಡಿದಳು. ಇಷ್ಟು ದಿನ ತನ್ನ ಬೆನ್ನ ಹಿಂದೆ ಇದ್ದವರಿಗೆ ಒಬ್ಬೊಬ್ಬರಿಗೂ ಒಂದೊಂದು ಮುಖವಿತ್ತು, ಯಾವುದೂ ದಾಸ್ತಾನಿನದಲ್ಲ: ಒಬ್ಬಳು ಸಿಟ್ಟಾದವಳ ಹಾಗೆ ಹುಬ್ಬು ಗಂಟಿಕ್ಕಿದ್ದಳು, ಒಬ್ಬ ಪೆದ್ದನ ಹಾಗೆ ನೆಲ ನೋಡುತ್ತಿದ್ದ. ಎಲ್ಲರ ಕಡೆಗೆ ತಿರುಗಿ ನಿಂತು ಅವಳೂ ತಟ್ಟಿದಳು. ನಿರೂಪಕಿ ಈಗೊಂದು ಚಿಕ್ಕ ವಿರಾಮ ಎಂದಳು, ಯಾರಿಗೂ ಕೇಳಿಸಲಿಲ್ಲ. ಮೇಷ್ಟ್ರು ಅಂಗೈ ಕೆಳಗೆ ಮಾಡಿ ನಿಲ್ಲಿಸಿ ನಿಲ್ಲಿಸಿ ಎಂದ. ಅವನ ಕೈಗೆ ಅಂದು ಬೆಲೆಯೇ ಇರಲಿಲ್ಲ. ಕೂಲಿಗೆ ತಟ್ಟಿ ತಟ್ಟಿ ಕಾಯಿ ಕಟ್ಟಿದ ಕೈಗಳು ಅವತ್ತು ತಮಗಾಗಿ ತಟ್ಟುತ್ತಿದ್ದವು, ಇಷ್ಟು ವರ್ಷ ಇಲ್ಲದ ಹಾಡುಗಳಿಗೆ ಕೊಟ್ಟದ್ದನ್ನೆಲ್ಲ ಇರುವ ಒಂದು ಹಾಡಿಗೆ ಸುರಿಯುತ್ತಿದ್ದವು. ಜಾಹೀರಾತಿನ ಸಂಗೀತ ಮೊಳಗಿತು, ಚಪ್ಪಾಳೆ ಅದನ್ನು ಮುಳುಗಿಸಿತು. ವೇದಿಕೆಯ ಮೇಲೆ ಹುಡುಗಿ ಏನು ಮಾಡಬೇಕೆಂದು ತಿಳಿಯದೆ ಮೂಗು ಒರೆಸಿಕೊಂಡಳು. ಪಕ್ಕದ ಕತ್ತಲ ಅಂಚಿನಲ್ಲಿ ಜೇನುಗಂಟಲಿನವನೂ ತಟ್ಟುತ್ತಿದ್ದ.

ಗೆದ್ದವರ ಹೆಸರು ಹೇಳುವುದು ವಿರಾಮದ ನಂತರ. ಅವಳು ಕಂದು ಅಂಗಿಯನ್ನು ಎಳೆದು ಸರಿಮಾಡಿಕೊಂಡು ಸಾಲಿನಿಂದ ಹೊರಬಂದಳು. "ಅಕ್ಕಾ, ಫಲಿತಾಂಶ!" ಎಂದಳು ಟೈಪಿಸ್ಟ್. ಬಾಗಿಲಲ್ಲಿ ನಿಂತಿದ್ದ ಮೇಷ್ಟ್ರು, ತಂತಿಯನ್ನು ಕಿವಿಯಿಂದ ತೆಗೆದು ಕುತ್ತಿಗೆಗೆ ಹಾಕಿಕೊಂಡಿದ್ದವನು, "ನಾಳೆ ಬರಬೇಡಿ," ಎಂದ. ಅವಳು ಆಯ್ತು ಎಂದಳು. ಅವನು ಅವಳ ಮುಖ ನೋಡಲಿಲ್ಲ, ಅವಳು ದಾಟಿದ ಮೇಲೆ, ಮೆಲ್ಲಗೆ, "ಚೆನ್ನಾಗಿ ಹಾಡಿದ್ಲು ಅಲ್ವಾ?" ಎಂದ. ಹೊರಗೆ ಇನ್ನೂ ಬೆಳಕಿತ್ತು. ಬದುಕಿನಲ್ಲಿ ಮೊದಲ ಸಲ ಒಂದು ಆಟದ ಕೊನೆಯನ್ನು ನೋಡದೆ ಎದ್ದು ಬಂದವಳು, ಬಸ್ಸಿನ ಕಂಬಿ ಹಿಡಿದು ನಿಂತುಕೊಂಡೇ, ಕೂರಲು ಜಾಗವಿದ್ದರೂ ಕೂರದೆ, ಮನೆಯವರೆಗೂ ಬಂದಳು.

ಮನೆ ನಿಶ್ಶಬ್ದವಾಗಿತ್ತು. ಟೀವಿ ಕಪ್ಪಗಿತ್ತು. ಅತ್ತೆ ಮಂಚದ ಮೇಲೆ ಕೂತು ಮೊಣಕಾಲಿಗೆ ಮುಲಾಮು ಹಚ್ಚಿಕೊಳ್ಳುತ್ತಿದ್ದರು. ಅವಳು ಒಂದು ಚಪ್ಪಲಿ ಬಿಟ್ಟು ನಿಂತಳು.

"ಟೀವಿ ಕೆಟ್ಟೋಯ್ತಾ ಅತ್ತೆ?"

"ನಾನೇ ಆರಿಸ್ದೆ."

"ಯಾರು ಗೆದ್ರು?"

"ಯಾರಿಗ್ಗೊತ್ತು. ಆ ಹುಡುಗಿ ಹಾಡಿದ ಮೇಲೆ ನೋಡೋಕೆ ಇನ್ನೇನಿತ್ತು?" ಅತ್ತೆ ಮುಲಾಮಿನ ಡಬ್ಬಿಯ ಮುಚ್ಚಳ ತಿರುಗಿಸಿದರು. "ನಿನ್ನ ತೋರಿಸಿದ್ರು. ಬಾಯಿ ಬಿಟ್ಕೊಂಡು, ಕಣ್ಣು ಎಲ್ಲೋ ನೆಟ್ಕೊಂಡು. ನೊಣ ಹೊಕ್ಕು ಸಂಸಾರ ಹೂಡಿದ್ರೂ ಗೊತ್ತಾಗ್ತಿರ್ಲಿಲ್ಲ ನಿಂಗೆ."

"ಅಷ್ಟು ಕೆಟ್ಟದಾಗಿ ಕಾಣ್ತಿದ್ನಾ?"

"ಹೂಂ ಮತ್ತೆ. ಥೂ, ನೋಡೋಕಾಗ್ತಿರ್ಲಿಲ್ಲ," ಎಂದರು ಅತ್ತೆ ಪರಮ ತೃಪ್ತಿಯಿಂದ. ಅವಳ ಕಾಲಬಳಿ, ಬಾಗಿಲಿನ ಒಳಗೆ, ಕಾಲೊರೆಸುವ ಜಾಗದಲ್ಲಿ ಹಸಿರು ಅಂಗಿ ಮಡಿಸಿ ಹಾಸಿತ್ತು. ಒಂದು ತೋಳು ಮಾತ್ರ ಇನ್ನೂ ಸ್ವಲ್ಪ ನೆಟ್ಟಗಿತ್ತು.

"ನನ್ನ ಕೆಲ್ಸ ಹೋಯ್ತು ಅತ್ತೆ."

"ಹೋಗ್ಲಿ ಬಿಡು. ಟಾಕೀಸು ಹೋದಾಗ ಸತ್ತೋದ್ವಾ?" ಅತ್ತೆ ಕಾಲು ಮಡಚಿ ಮಂಚದ ಮೇಲೆ ಅವಳಿಗೆ ಜಾಗ ಮಾಡಿದರು. ಆಮೇಲೆ, ಒಂದು ವಾರದಿಂದ ಗಂಟಲಲ್ಲಿ ಕಟ್ಟಿಕೊಂಡದ್ದನ್ನು ಇನ್ನು ತಡೆಯಲಾರದವರ ಹಾಗೆ, "ಆದ್ರೂ ಎರಡನೇ ಚರಣ ಸ್ವಲ್ಪ ಎಳೆದ್ಲು ಕಣೆ," ಎಂದರು.

"ಎಲ್ಲಿ ಎಳೆದ್ಲು?"

"ಎಳೆದ್ಲು ಅಂದ್ರೆ ಎಳೆದ್ಲು."

"ಎಳೆದಿಲ್ಲ ಅತ್ತೆ! ಅಲ್ಲಿ ನಿಲ್ಲದಿದ್ರೆ ಮೇಲಕ್ಕೆ ಹೆಂಗೆ ಹೋಗ್ಬೇಕಿತ್ತು? ನಿಮ್ಮ ಧಾರಾವಾಹಿ ಏಟು ಎಳೆದ ಹಾಗಾ ಅದು?" ಎಂದು, ಇನ್ನೊಂದು ಚಪ್ಪಲಿಯನ್ನು ಕಳಚುವುದನ್ನೂ ಮರೆತು, ಹಸಿರು ಅಂಗಿಯ ಮೇಲೆ ನಿಂತುಕೊಂಡೇ, ಪಕ್ಕದ ಮನೆಗೂ ಕೇಳಿಸುವಷ್ಟು ದೊಡ್ಡ ದನಿಯಲ್ಲಿ ಅವಳು ಜಗಳಕ್ಕೆ ಇಳಿದಳು.